ಜಾವಾದ ಮನೆತನ ವಿಚಾರಿಸಿದ ಅಂಕಲ್

ನಮ್ಮ ಅಂಕಲ್ ಒಂದು ಬದನೆಕಾಯಿ ಆರಿಸುವಷ್ಟರಲ್ಲಿ ಬೇರೆಯವರು ಮನೆ ಕೊಂಡು, ಗೃಹಪ್ರವೇಶ ಮುಗಿಸಿ, ಬೇಸರ ಬಂದು ಅದನ್ನು ಮಾರಿಯೂ ಬಿಡಬಹುದು! ಇದು ಉತ್ಪ್ರೇಕ್ಷೆಯಲ್ಲ. ಅಂದರೆ, ಸ್ವಲ್ಪ ಉತ್ಪ್ರೇಕ್ಷೆಯೇ. ಆದರೆ ಬದನೆಕಾಯಿಯ ಮಟ್ಟಿಗೆ ಅಪ್ಪಟ ಸತ್ಯ. ನಾನು ಅವರನ್ನು ಮೊದಲು ಕಂಡದ್ದೇ ಶಿಕಾಗೋದ ಒಂದು ಇಂಡಿಯನ್ ಅಂಗಡಿಯಲ್ಲಿ, ಬದನೆಕಾಯಿ ರಾಶಿಯ ಮುಂದೆ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಮೆಲ್ಲಗೆ ತಟ್ಟಿ, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ತೆಂಗಿನಕಾಯಿ ತಟ್ಟಿ ನೋಡುವವರನ್ನು ಕಂಡಿದ್ದೆ. ಬದನೆಕಾಯಿಯ ಎದೆಬಡಿತ ಕೇಳುವವರನ್ನು ಕಂಡಿರಲಿಲ್ಲ.

“ಹುಳಾ ಇದ್ರ ಅದೇನು ಒಳಗಿಂದ ಓ ಅಂತೈತೇನು? ಬುಟ್ಟ್ಯಾಗ ಹಾಕ್ರಿ!” ಎಂದರು ಪಕ್ಕದಲ್ಲಿದ್ದ ಅವರ ಹೆಂಡತಿ.

ಆ ಕನ್ನಡ ಕೇಳಿ ನಾನು ಗಕ್ಕನೆ ನಿಂತೆ. ಮಾತಾಡಿಸಿದೆ. ಅಂದಿನಿಂದ ಅವರು ನನಗೆ ಅಂಕಲ್, ಅವರ ಹೆಂಡತಿ ಆಂಟಿ, ನಾನು ಇಬ್ಬರಿಗೂ ‘ತಂಗಿ’. ಅವರು ಗದಗಿನ ಕಡೆಯ ಮುಸಲ್ಮಾನರು, ನಾವು ಮೈಸೂರಿನವರು. ನನಗೆ ಅಂಕಲ್ ಆದವರಿಗೆ ನಾನು ತಂಗಿ ಆಗುವುದು ಯಾವ ಲೆಕ್ಕ ಎಂದು ನನ್ನ ಮಗಳು ಆಗಾಗ ಕೇಳುತ್ತಾಳೆ. ಅದು ಗದಗಿನ ಲೆಕ್ಕ ಎಂದು ಹೇಳಿ ಅವಳ ಬಾಯಿ ಮುಚ್ಚಿಸಿದ್ದೇನೆ.

ಅಂಕಲ್‌ಗೆ ಶಿಕಾಗೋದ ಪಕ್ಕದ ಸ್ಕೋಕಿಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ. ಈಗ ಯಾರೂ ತಯಾರಿಸದ, ಆದರೆ ಹಳೆಯ ಕಾರುಗಳಿಗೆ ಬೇಕೇ ಬೇಕಾದ ಭಾಗಗಳನ್ನು ಡೆಟ್ರಾಯಿಟ್ ಕಡೆಯ ಗೋದಾಮುಗಳಿಂದ ಹುಡುಕಿ ತಂದು ಶಿಕಾಗೋದ ಗ್ಯಾರೇಜುಗಳಿಗೆ ಮಾರುತ್ತಿದ್ದರು. ವಾರಕ್ಕೊಮ್ಮೆ ವ್ಯಾನಿನಲ್ಲಿ ಆ ಕಡೆಗೆ ಸವಾರಿ. ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯದ ಸಮಯ ಶಿಕಾಗೋಗಿಂತ ಒಂದು ಗಂಟೆ ಮುಂದೆ. ಎಂದೋ ಒಮ್ಮೆ ಅದನ್ನು ಮರೆತು ಹೋದಾಗ ಗೋದಾಮಿನ ಬಾಗಿಲು ಹಾಕಿತ್ತಂತೆ. ಆ ಆಘಾತಕ್ಕೆ ಅಂಕಲ್ ತಮ್ಮ ಕೈಗಡಿಯಾರವನ್ನು ಕಾಯಂ ಆಗಿ ಮಿಶಿಗನ್ ಸಮಯಕ್ಕೇ ಇಟ್ಟುಬಿಟ್ಟರು. ಹಾಗಾಗಿ ಶಿಕಾಗೋದಲ್ಲಿ ಎಲ್ಲಿಗೆ ಕರೆದರೂ ಒಂದು ಗಂಟೆ ಮೊದಲೇ ಹಾಜರು! ಲೊಂಬಾರ್ಡಿನ ನಮ್ಮ ಅಪಾರ್ಟ್‌ಮೆಂಟಿಗೆ ಊಟಕ್ಕೆ ಕರೆದರೆ ನಾನಿನ್ನೂ ಕುಕ್ಕರ್ ಇಟ್ಟಿರುವುದಿಲ್ಲ, ಬಾಗಿಲಲ್ಲಿ ಅಂಕಲ್ ನಿಂತಿರುತ್ತಾರೆ. “ನೀ ಅಡಗಿ ಮಾಡ್ಕೋವಾ, ನಾ ಕಾರಿನ್ಯಾಗ ಕುಂದರ್ತೀನಿ” ಎನ್ನುತ್ತಾರೆ. ಜನವರಿ ತಿಂಗಳಲ್ಲಿ, ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಊಟಕ್ಕೆ ಕರೆದ ಮನುಷ್ಯನನ್ನು ಕಾರಿನಲ್ಲಿ ಕೂರಿಸಲಾಗುತ್ತದೆಯೇ? ಒಳಗೆ ಕರೆದು ಈರುಳ್ಳಿ ಹೆಚ್ಚಲು ಕೊಡುತ್ತಿದ್ದೆ.

ಇಂಥವರ ಕೈಯಲ್ಲಿ ನನ್ನ ಸಂಸಾರದ ಜುಟ್ಟು ಸಿಕ್ಕಿಕೊಂಡ ಕಥೆ ಇದು. ಈಗ ನಗುತ್ತ ಬರೆಯುತ್ತಿದ್ದೇನೆ. ಆಗ ನಗುವ ಸ್ಥಿತಿ ಇರಲಿಲ್ಲ.

ಡಾಟ್‌ಕಾಮ್ ಕಂಪನಿಗಳು ಸಾಲಾಗಿ ಮಗುಚಿಕೊಳ್ಳುತ್ತಿದ್ದ ಕಾಲ ಅದು. ನನ್ನ ಕಂಪನಿ ಸಾಕುನಾಯಿಗಳ ಹುಟ್ಟುಹಬ್ಬಕ್ಕೆ ಇಂಟರ್ನೆಟ್ಟಿನಲ್ಲಿ ಉಡುಗೊರೆ ಮಾರುತ್ತಿತ್ತು. ನಗಬೇಡಿ, ಅದಕ್ಕೂ ಒಂದು ಕಾಲದಲ್ಲಿ ದುಡ್ಡು ಹಾಕುವವರಿದ್ದರು! ಒಂದು ಬೆಳಿಗ್ಗೆ ಮ್ಯಾನೇಜರ್ ಎಂದೂ ಇಲ್ಲದ್ದು ಡೋನಟ್ ತಂದಿಟ್ಟಾಗಲೇ ನನಗೆ ಅನುಮಾನ ಬಂತು. ಎಲ್ಲರೂ ತಿಂದು ಕೈ ಒರೆಸಿಕೊಂಡ ಮೇಲೆ ಹೇಳಿದ: ಇನ್ನು ಎರಡು ತಿಂಗಳು, ಆಮೇಲೆ ಆಫೀಸ್ ಮುಚ್ಚುತ್ತೇವೆ.

ನನ್ನ ಕೆಲಸದ ಮೇಲೆ ನನ್ನ ವೀಸಾ. ನನ್ನ ವೀಸಾದ ಮೇಲೆ ನನ್ನ ಗಂಡನ ವೀಸಾ. ಅದರ ಮೇಲೆ ಅವರ ಪಿಎಚ್‌ಡಿ; ಮುಗಿಯಲು ಇನ್ನೊಂದು ವರ್ಷವಾದರೂ ಬೇಕಿತ್ತು. ಇವೆಲ್ಲದರ ಮೇಲೆ ನಮ್ಮ ಮಗಳ ಶಾಲೆ, ಅವಳ ಗೆಳತಿಯರು, ಅವಳ ಪಿಯಾನೋ ಕ್ಲಾಸು. ಎರಡು ತಿಂಗಳೊಳಗೆ ಬೇರೆ ಯಾರಾದರೂ ನನ್ನನ್ನು ಕೆಲಸಕ್ಕೆ ತೆಗೆದುಕೊಂಡು ವೀಸಾಕ್ಕೆ ಅರ್ಜಿ ಹಾಕದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು. ನನಗೆ ಚೆನ್ನಾಗಿ ಬರುತ್ತಿದ್ದ ಕಂಪ್ಯೂಟರ್ ಭಾಷೆ ಪಿಎಚ್‌ಪಿ. ಅಪ್ಲೈ ಮಾಡಿದ ಕಡೆಯೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಜಾವಾ ಗೊತ್ತೇ?” ಅಷ್ಟಾಗಿ ಗೊತ್ತಿಲ್ಲ ಎಂದರೆ ಆ ಕಡೆಯ ದನಿ ತುಂಬ ಮರ್ಯಾದೆಯಿಂದ ಫೋನ್ ಇಡುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ.

ಆಗ ಆಂಟಿಯಿಂದ ವಿಷಯ ತಿಳಿದ ಅಂಕಲ್ ಫೋನ್ ಮಾಡಿದರು. “ನನ್ನ ಅಂಗಡಿಗಿ ಒಂದು ವೆಬ್‌ಸೈಟ್ ಮಾಡಿ ಕೊಡು ತಂಗಿ. ಗ್ಯಾರೇಜಿನವರು ಕುಂತಲ್ಲೆ ಸಾಮಾನು ಹುಡುಕಿ ಆರ್ಡರ್ ಕೊಡೂ ಹಂಗ. ನಿನ್ನ ವೀಸಾದ ಕಾಗದಾ ನಾ ಹಾಕ್ತೀನಿ.”

ಥ್ಯಾಂಕ್ಸ್ ಹೇಳಲು ಹೊರಟೆ. ಆದರೆ ಅಂಕಲ್‌ರ ಮಾತು ಮುಗಿದಿರಲಿಲ್ಲ.

“ಆದ್ರ ಯಾವುದರಾಗ ಮಾಡೂದು ಅನ್ನೂದು ಮೊದಲ ಗಟ್ಟಿ ಆಗ್ಲಿ. ವಕೀಲರು ಕೇಳಾಕತ್ತಾರ, ಏನು ಕೆಲಸ, ಯಾವ ಭಾಷಾ ಅಂತ. ಸರಕಾರಕ್ಕ ಸುಳ್ಳು ಬರ್ಯಾಕ ಆಗೂದಿಲ್ಲ. ಆರಿಸಿದ ಮ್ಯಾಲ ಸಹಿ.”

ಅಷ್ಟೇ ತಾನೇ? ಅರ್ಧ ಗಂಟೆಯ ಮಾತು ಎಂದುಕೊಂಡೆ. ಬದನೆಕಾಯಿ ಆಲಿಸುತ್ತಿದ್ದ ಆ ಕಿವಿ ನೆನಪಾದದ್ದು ಫೋನ್ ಇಟ್ಟ ಮೇಲೆ.

ಮೊದಲ ಶನಿವಾರವೇ ಸ್ಕೋಕಿಗೆ ಹೋದೆ. ಅಂಗಡಿಯ ಹಿಂಭಾಗದಲ್ಲಿ, ಸೈಲೆನ್ಸರುಗಳು ನೇತಾಡುವ ಗೋಡೆಯ ಕೆಳಗೆ ಅಂಕಲ್‌ರ ಮೇಜು. ವೆಬ್ ಅಪ್ಲಿಕೇಶನ್ ಎಂದರೆ ಒಂದೇ ವಸ್ತುವಲ್ಲ, ಒಂದರ ಮೇಲೊಂದು ಕೂತ ಹಲವು ವಸ್ತುಗಳು, ಅದಕ್ಕೇ ಅದನ್ನು ಸ್ಟ್ಯಾಕ್ ಎನ್ನುವುದು ಎಂದು ವಿವರಿಸಬೇಕಿತ್ತು. ಕೈಗೆ ಸಿಕ್ಕ ರಟ್ಟಿನ ಡಬ್ಬಿಗಳನ್ನೇ ಪೇರಿಸಿದೆ. ತಳದಲ್ಲಿ ಬ್ರೇಕ್ ಪ್ಯಾಡಿನ ಡಬ್ಬಿ, ಇದು ಸರ್ವರ್. ಅದರ ಮೇಲೆ ಆಯಿಲ್ ಫಿಲ್ಟರ್, ಇದು ನಿಮ್ಮ ಸರಕಿನ ವಿವರ ಇಡುವ ಡೇಟಾಬೇಸ್. ಅದರ ಮೇಲೆ ಸ್ಪಾರ್ಕ್ ಪ್ಲಗ್, ಇದು ನಾನು ಬರೆಯುವ ಭಾಷೆ. ತುತ್ತತುದಿಯಲ್ಲಿ ವೈಪರ್, ಇದು ಗಿರಾಕಿಯ ಕಣ್ಣಿಗೆ ಕಾಣುವ ಪುಟ. ನನ್ನ ಪಾಠಕ್ಕೆ ನಾನೇ ಮೆಚ್ಚಿ ನಿಂತೆ. ಅಂಕಲ್ ಎಲ್ಲವನ್ನೂ ಗಂಭೀರವಾಗಿ ನೋಡಿ, ಒಂದು ಬೆರಳಿನಿಂದ ತಳದ ಡಬ್ಬಿಯನ್ನು ಮೆಲ್ಲಗೆ ಎಳೆದರು. ಇಡೀ ಅಪ್ಲಿಕೇಶನ್ ದಬದಬನೆ ನೆಲಕ್ಕೆ ಬಿತ್ತು.

“ತಳದ್ದು ಕೈ ಕೊಟ್ರ ಹಿಂಗಾಕ್ಕೈತಿ, ಹೌದಿಲ್ಲೋ?”

“ಆಗುತ್ತೆ ಅಂಕಲ್. ಆದ್ರೆ ಯಾರೂ ಹಾಗೆ ಎಳೆಯಲ್ಲ.”

“ಎಳ್ಯಾವರು ಹೇಳಿ ಎಳೀತಾರೇನವಾ?”

ನಾನು ಬಗ್ಗಿ ಡಬ್ಬಿ ಆರಿಸತೊಡಗಿದೆ.

ನಮ್ಮ ಮುಂದೆ ಮುಖ್ಯವಾಗಿ ಮೂರು ಭಾಷೆಗಳಿದ್ದವು. ಪಿಎಚ್‌ಪಿ, ಎಎಸ್‌ಪಿ, ಜಾವಾ. ನಾನು ಸುತ್ತಿ ಬಳಸದೆ ಹೇಳಿದೆ: “ಪಿಎಚ್‌ಪಿ ಸಾಕು ಅಂಕಲ್. ಬಿಟ್ಟಿ ಸಿಗುತ್ತೆ, ನನಗೆ ಚೆನ್ನಾಗಿ ಬರುತ್ತೆ. ಆರೇ ವಾರದಲ್ಲಿ ಮುಗಿಸಿ ಕೊಟ್ಟುಬಿಡ್ತೀನಿ.”

ಅಂಕಲ್‌ರ ಮುಖ ಸಣ್ಣಗಾಯಿತು. ಬಿಟ್ಟಿ ಎಂದದ್ದು ಹಿಡಿಸಲಿಲ್ಲವೇನೋ ಎಂದುಕೊಂಡೆ.

“ಯಾರ ಮನಿತನದ್ದು ಇದು?”

“ಮನೆತನಾನಾ?”

“ಹುಟ್ಟಿಸಿದವರು ಯಾರು? ಸಾಕಾಕತ್ತಿದವರು ಯಾರು?”

“ಯಾರೋ ಒಬ್ಬರು ಶುರು ಮಾಡಿದ್ರು. ಈಗ ಪ್ರಪಂಚದ ಎಲ್ಲ ಕಡೆಯವರೂ ಸೇರಿ ನೋಡ್ಕೋತಾರೆ.”

“ಎಲ್ಲಾರೂ ನೋಡ್ಕೋತಾರ ಅಂದ್ರ ಯಾರೂ ನೋಡ್ಕೊಳ್ಳೂದಿಲ್ಲ. ಪಾಪ, ಪರದೇಶಿ ಕೂಸು!” ಎಂದು ಲೊಚಗುಟ್ಟಿದರು. ನಾನು ಅನ್ನ ತಿನ್ನುತ್ತಿದ್ದ ಭಾಷೆಯನ್ನು ತಬ್ಬಲಿ ಮಾಡಲು ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಎಎಸ್‌ಪಿ ಒಂದೇ ಒಂದು ದೊಡ್ಡ ಕಂಪನಿಯದು ಎಂದೆ. “ಶ್ರೀಮಂತರ ಮನಿ. ಒಳಗ ಹೋಗೂದು ಹಗರ, ಹೊರಗ ಬರೂದು ತ್ರಾಸ” ಎಂದರು. ಜಾವಾವನ್ನು ಬ್ಯಾಂಕಿನವರು, ಇನ್ಶೂರೆನ್ಸಿನವರು, ಕಾರು ಕಂಪನಿಯವರು ಎಲ್ಲರೂ ಬಳಸುತ್ತಾರೆ, ಆದರೆ ಅದು ಮಹಾ ಉದ್ದದ ಭಾಷೆ, ಒಂದು ನಮಸ್ಕಾರ ಹೇಳಿಸಬೇಕಾದರೂ ಪೀಠಿಕೆ ಹಾಕಬೇಕು ಎಂದೆ. “ನನಗೂ ಹೊಸದು ಅಂಕಲ್. ಕಲಿತು ಮಾಡೋಷ್ಟರಲ್ಲಿ ಒಂದು ವರ್ಷ ಹಿಡಿಯುತ್ತೆ.”

“ಒಂದ ವರ್ಷೇನು?” ಅಂಕಲ್ ಕಣ್ಣರಳಿಸಿದರು. ಹೆದರಿಕೊಂಡರು ಎಂದು ನನಗೆ ಸಂತೋಷವಾಯಿತು. “ತಡಿ. ವಿಚಾರಸೂಣು.”

ಈ ವಿಚಾರಿಸುವುದು ಎಂಬುದನ್ನು ನೀವು ಸಾಮಾನ್ಯ ಅರ್ಥದಲ್ಲಿ ತೆಗೆದುಕೊಳ್ಳಬೇಡಿ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಊರಿನಲ್ಲಿ ಕಿರಾಣಿ ಅಂಗಡಿಯವನಿಂದ ಹಿಡಿದು ಕಂಪೌಂಡರ್ ತನಕ ಎಲ್ಲರನ್ನೂ ಕೇಳಿ ಬರುತ್ತಾರಲ್ಲ, ಆ ವಿಚಾರಣೆ! ಶಿಕಾಗೋದಿಂದ ಡೆಟ್ರಾಯಿಟ್‌ವರೆಗೆ ಕಂಪ್ಯೂಟರ್ ಬಲ್ಲ ಕರ್ನಾಟಕದವರು ಯಾರ್ಯಾರಿದ್ದಾರೋ ಅವರಿಗೆಲ್ಲ ಅಂಕಲ್ ಫೋನ್ ಹಚ್ಚತೊಡಗಿದರು. ನಾನೂ ಕೇಳಿಸಿಕೊಳ್ಳಲೆಂದು ಸ್ಪೀಕರ್ ಹಾಕುತ್ತಿದ್ದರು.

“ನಮಸ್ಕಾರ್ರಿ. ನೀವು ಪಿಎಚ್‌ಪಿಯವರೇನ್ರಿ?”

“ಹೌದು... ತಾವ್ಯಾರು?”

“ನಾ ಸ್ಕೋಕಿಯಿಂದ ಮಾತಾಡಾಕತ್ತೇನ್ರಿ. ಒಂದು ಸಂಬಂಧದ ಬಗ್ಗೆ ವಿಚಾರಸಬೇಕಾಗಿತ್ತು.”

“ಸರ್, ನನಗೆ ಮದುವೆ ಆಗಿದೆ!” ಎಂದು ಆ ಪುಣ್ಯಾತ್ಮ ಗಾಬರಿಯಿಂದ ಕೂಗಿಕೊಂಡ. ಅವನ ಹಿಂದೆ ಒಂದು ಹೆಣ್ಣು ದನಿ, “ಯಾರ್ರೀ ಅದು?” ಎಂದು ಗದರಿಸಿದ್ದೂ ಕೇಳಿಸಿತು. ಆ ಸಂಸಾರಕ್ಕೆ ಸಮಾಧಾನ ಹೇಳಲು ನಾನೇ ಫೋನ್ ಕಸಿದುಕೊಳ್ಳಬೇಕಾಯಿತು.

ಸರಿ, ಭಾಷೆಯ ಬಗ್ಗೆಯಾದರೂ ಕೇಳಿದರೇ? ಇಲ್ಲ! “ಮನ್ಯಾಗ ಎಲ್ಲಾರೂ ಆರಾಮೇನ್ರಿ? ಮನಿ ಸ್ವಂತದ್ದೋ ಬಾಡಗೀದೋ? ಮಕ್ಕಳು ಯಾವ ಸಾಲಿ? ಹೋದ ವರ್ಷನೂ ಇದ ಕೆಲಸದಾಗ ಇದ್ರೇನು?” ಇದೇ ಪ್ರಶ್ನೆಗಳು ಎಲ್ಲರಿಗೂ. ನಾನು ಪಕ್ಕದಿಂದ, “ಅಂಕಲ್, ಸ್ಪೀಡ್ ಹೇಗಿದೆ ಕೇಳಿ, ಸೆಕ್ಯುರಿಟಿ ಹೇಗಿದೆ ಕೇಳಿ” ಎಂದು ಪಿಸುಗುಡುತ್ತಿದ್ದೆ. ಫೋನಿನ ಮೇಲೆ ಕೈಯಿಟ್ಟು, “ಸ್ಪೀಡು ತಗೊಂಡು ಏನ್ ಮಾಡೂದೈತಿ? ಮನಿ ಹೆಂಗ ನಡದೈತಿ ಅದನ್ನ ಕೇಳಬೇಕು” ಎನ್ನುತ್ತಿದ್ದರು. ಸ್ಪಾರ್ಕ್ ಪ್ಲಗ್ಗನ್ನು ಆರಿಸಲು ಡ್ರೈವರನ ಹೆಂಡತಿ ಮಕ್ಕಳ ಆರೋಗ್ಯ ಕೇಳುವವರು ಯಾರಾದರೂ ಇದ್ದಾರೆಯೇ? ವಾರಗಳು ಜಾರುತ್ತಿದ್ದವು. ಸಂಜೆ ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಕೇಳುತ್ತಿದ್ದಳು, “ಅಮ್ಮಾ, ಡಿಡ್ ಹಿ ಪಿಕ್ ಒನ್ ಯೆಟ್?” ಇನ್ನೂ ಇಲ್ಲ ಪುಟ್ಟಿ ಎಂದರೆ ಹೋಗಿ ಪಿಯಾನೋ ಅಭ್ಯಾಸಕ್ಕೆ ಕೂರುತ್ತಿದ್ದಳು.

ಫೋನ್ ವಿಚಾರಣೆ ಮುಗಿದ ಮೇಲೆ ಖುದ್ದು ನೋಡುವ ಶಾಸ್ತ್ರ! ಡೆಟ್ರಾಯಿಟ್ ಬಳಿಯ ಪ್ಲಿಮತ್‌ನಲ್ಲಿ, ಕಾರಿನ ಭಾಗ ಪೂರೈಸುವ ಒಂದು ಕಂಪನಿಯ ಆಫೀಸಿನಲ್ಲಿ ಬೆಂಗಳೂರಿನವನೊಬ್ಬ ಜಾವಾದಲ್ಲಿ ಕೆಲಸ ಮಾಡುತ್ತಾನೆ, ಹೋಗಿ ನೋಡಿಕೊಂಡು ಬರೋಣ ಎಂದರು ಅಂಕಲ್. ನನ್ನ ಆಫೀಸಿನಲ್ಲಿ ಆ ಹೊತ್ತಿಗೆ ಮಾಡಲು ಏನೂ ಕೆಲಸವಿರಲಿಲ್ಲ, ರಜೆ ಹಾಕಿ ಹೊರಟೆ.

ಆ ವ್ಯಾನನ್ನು ನೀವು ನೋಡಬೇಕಿತ್ತು. ಸ್ಟೆಪ್ನಿ ಟಯರು ಎರಡು. ಒಂದು ಪಂಕ್ಚರ್ ಆದರೆ ಇರಲಿ ಎಂದು ಇನ್ನೊಂದು. ಕಂಬಳಿ, ಟಾರ್ಚು, ಹಿಮ ಕರಗಿಸುವ ಉಪ್ಪಿನ ಚೀಲ (ಮೇ ತಿಂಗಳಲ್ಲಿ!), ದಾರಿ ತಪ್ಪಿದರೆ ನೋಡಲು ಮ್ಯಾಪು, ಆ ಮ್ಯಾಪು ಹರಿದರೆ ನೋಡಲು ಮತ್ತೊಂದು ಮ್ಯಾಪು. ಆಂಟಿ ಕಟ್ಟಿಕೊಟ್ಟ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯಲ್ಲಿ ಇಬ್ಬರು ಒಂದು ವಾರ ಬದುಕಬಹುದಿತ್ತು. ಹೆದ್ದಾರಿಯ ಬಲತುದಿಯ ಲೇನಿನಲ್ಲಿ ಐವತ್ತು ಮೈಲಿ ವೇಗದಲ್ಲಿ ಅಂಕಲ್ ಸಾಗಿದರು. ಹಿಂದಿನಿಂದ ಟ್ರಕ್ಕುಗಳು ಬೈದುಕೊಂಡೇ ದಾಟುತ್ತಿದ್ದವು.

“ಅಂಕಲ್, ಲಿಮಿಟ್ ಎಪ್ಪತ್ತಿದೆ.”

“ಲಿಮಿಟ್ ಅಂದ್ರ ಅಷ್ಟು ಮುಟ್ಟಾಕ ಬೇಕಂತೇನಿಲ್ಲ ತಂಗಿ.”

ಎಕ್ಸಿಟ್ ತಪ್ಪಿಹೋಗುವ ಭಯಕ್ಕೆ ಅವರು ಯಾವಾಗಲೂ ಒಂದು ಎಕ್ಸಿಟ್ ಮೊದಲೇ ಇಳಿದುಬಿಡುತ್ತಿದ್ದರು. ಆಮೇಲೆ ಉಳಿದ ದೂರವನ್ನು ಬಡಾವಣೆಗಳ ನಡುವೆ, ನಾಯಿ ಕರೆದುಕೊಂಡು ಹೊರಟವರಿಗೆಲ್ಲ ದಾರಿ ಬಿಡುತ್ತ ಕ್ರಮಿಸುತ್ತಿದ್ದರು. ಮಧ್ಯೆ ರೆಸ್ಟ್ ಏರಿಯಾದಲ್ಲಿ ನಮಾಜು ಮುಗಿಸಿ ಬಂದಾಗ, “ಏನು ಬೇಡ್ಕೊಂಡ್ರಿ ಅಂಕಲ್?” ಎಂದು ಕೇಳಿದೆ. ಪಿಎಚ್‌ಪಿಯೋ ಜಾವಾವೋ ಎಂದು ತಿಳಿಯುತ್ತದೇನೋ ಎಂಬ ಆಸೆ! “ಟಯರಿನ ಸಲುವಾಗಿ” ಎಂದರು.

ಅಂತೂ ತಲುಪಿದೆವು. ಗಡಿಯಾರ ನೋಡಿ ಅಂಕಲ್ ಹಿಗ್ಗಿದರು. ಅದೊಂದು ಕಡೆ ಮಾತ್ರ ಅವರ ಕೈಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು.

ಬೆಂಗಳೂರಿನವನು ಒಳ್ಳೆಯ ಹುಡುಗ. ಪಾಪ, ಉತ್ಸಾಹದಿಂದ ಕಂಪ್ಯೂಟರಿನಲ್ಲಿ ಒಂದೊಂದೇ ಪುಟ ತೆಗೆದು ತೋರಿಸಿದ. ನಾನು ಬಗ್ಗಿ ನೋಡುತ್ತಿದ್ದೆ. ಅಂಕಲ್ ಮಾತ್ರ ಬೆನ್ನು ತಿರುಗಿಸಿ ಆಫೀಸಿನ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದರು.

“ಈ ಕುರ್ಚಿಯವರು ಎಲ್ಲಿ ಹೋದ್ರಿ?”

ಹುಡುಗನ ದನಿ ಇಳಿಯಿತು. “ಲೇಆಫ್ ಆಯ್ತು ಸರ್. ಹೋದ ತಿಂಗಳು.”

“ಯಾವ ಭಾಷಾದವರು?”

“ಎಲ್ಲಾ ಥರದವರೂ ಇದ್ರು.”

“ಜಾವಾದವರು?”

“ಅವರೂ ಇದ್ರು ಸರ್. ಆದ್ರೆ ಅವರಿಗೆ ಬೇರೆ ಕಡೆ ಬೇಗ ಸಿಕ್ತು.”

ಅಂಕಲ್ ಒಂದು ಖಾಲಿ ಕುರ್ಚಿ ಎಳೆದುಕೊಂಡು ಕೂತರು. “ಮನ್ಯಾಗ ಆರಾಮ?” ಎಂದು ಕೇಳಿದರು. ಹುಡುಗ ಪರದೆಯಿಂದ ಕಣ್ಣು ತೆಗೆಯದೆ, “ಇದೀವಿ ಸರ್. ಗ್ರೀನ್ ಕಾರ್ಡ್ ಬರೋವರೆಗೂ ಉಸಿರು ಬಿಗಿಹಿಡ್ಕೊಂಡು ಇದೀವಿ” ಎಂದ. ಅವನ ಮನೆಯವರಿಗೆಂದು ಅಂಕಲ್ ನಮ್ಮ ರೊಟ್ಟಿ ಗಂಟನ್ನು ಅರ್ಧಕ್ಕಿಂತ ಹೆಚ್ಚು ಅಲ್ಲೇ ಬಿಟ್ಟು ಬಂದರು.

ವಾಪಸು ಬರುವಾಗಲೂ ಅದೇ ಐವತ್ತು ಮೈಲಿ ವೇಗ. “ಹಾಗಾದ್ರೆ ಡಿಸೈಡ್ ಆಯ್ತಾ ಅಂಕಲ್?” ಎಂದೆ ಮೆಲ್ಲಗೆ.

“ಇನ್ನೂ ಒಂದೆರಡ ಕಡೆ ಕೇಳೂಣು.”

ವ್ಯಾನಿನಿಂದ ಹಾರಿಬಿಡಲೇ ಎನ್ನಿಸಿತು. ಅವರು ಓಡಿಸುತ್ತಿದ್ದ ವೇಗಕ್ಕೆ ಹಾರಿದ್ದರೂ ಏನೂ ಆಗುತ್ತಿರಲಿಲ್ಲ ಬಿಡಿ.

ಕೊನೆಯ ಉಪಾಯವೆಂದು ಮೂರು ಭಾಷೆಯಲ್ಲೂ ಒಂದೊಂದು ಪುಟ್ಟ ಮಾದರಿ ಮಾಡಿಕೊಂಡು ಹೋದೆ. ಜಾವಾದ್ದನ್ನು ಪುಸ್ತಕ ನೋಡಿಕೊಂಡು ತಿಣುಕಿ ಮಾಡಿದ್ದೆ. ಪರೀಕ್ಷಕರಾಗಿ ಆಂಟಿಯನ್ನು ಕರೆಸಲಾಯಿತು. ಆಂಟಿ ಕನ್ನಡಕ ಏರಿಸಿ ಮೂರರಲ್ಲೂ ಒಂದೊಂದು ಬ್ರೇಕ್ ಪ್ಯಾಡ್ ಆರ್ಡರ್ ಮಾಡಿದರು. “ನಡುವಿಂದು ಛಲೋ ಐತಿ” ಎಂದರು. ಯಾಕೆ ಆಂಟಿ? “ಗುಂಡಿ ನೀಲಿ ಐತಿ.” ನಾನು ಹಣೆ ಚಚ್ಚಿಕೊಂಡು, ಬಣ್ಣ ಯಾವುದರಲ್ಲಿ ಬೇಕಾದರೂ ಬದಲಿಸಬಹುದು ಎಂದೆ. “ಹಂಗಾರ ಎಲ್ಲಾ ಒಂದ ಆದ್ವಲ್ಲ! ಇದಕ್ಯಾಕ ಇಷ್ಟು ಜೀವಾ ತಿನ್ನಾಕತ್ತೀರಿ ಈ ಹುಡಿಗೀದು?” ಎಂದು ಗಂಡನ ಕಡೆ ತಿರುಗಿದರು. ಆಂಟಿಯ ಬಾಯಿಗೆ ಸಕ್ಕರೆ ಹಾಕಬೇಕೆನ್ನಿಸಿತು.

ಅಂಕಲ್ ಆಗ ಮೇಜಿನ ಕೆಳಗೆ ಬಗ್ಗಿದ್ದರು. ಏನು ಬಿತ್ತು ಎಂದು ನಾನು ನೋಡುವಷ್ಟರಲ್ಲಿ ಕಂಪ್ಯೂಟರ್ ಕಪ್ಪಾಯಿತು.

“ವಾಯರ್ ಕಿತ್ತೇನಿ. ಕರೆಂಟ್ ಹೋದ್ರ ಯಾವುದು ತಡಕೋತೈತಿ ನೋಡೂಣಂತ” ಎಂಬ ದನಿ ಮೇಜಿನಡಿಯಿಂದ ಬಂತು.

ಯಾವುದೂ ತಡೆದುಕೊಳ್ಳಲಿಲ್ಲ. ಎಲ್ಲಕ್ಕಿಂತ ಮೊದಲು ನಾನು ತಡೆದುಕೊಳ್ಳಲಿಲ್ಲ. ಕಾರಿಗೆ ಬಂದು ಕೂತು, ಕಿಟಕಿ ಗಾಜು ಏರಿಸಿ, ಮೈಸೂರಿನ ಹೆಣ್ಣುಮಕ್ಕಳು ಆಡಬಾರದ ಒಂದೆರಡು ಮಾತುಗಳನ್ನು ಗಟ್ಟಿಯಾಗಿ ಆಡಿದೆ.

ಕೊನೆಯ ಶುಕ್ರವಾರ ಬಂತು. ಸೋಮವಾರ ಅರ್ಜಿ ಹೋಗದಿದ್ದರೆ ಆಮೇಲೆ ತಮ್ಮಿಂದೇನೂ ಆಗದು ಎಂದು ವಕೀಲರು ಹೇಳಿಬಿಟ್ಟಿದ್ದರು. ನನ್ನ ಗಂಡ ಮೂಲೆಯಲ್ಲಿದ್ದ ಸೂಟ್‌ಕೇಸಿನ ಧೂಳು ಒರೆಸಿಟ್ಟಿದ್ದರು. ಸುಮ್ಮನೆ ಒರೆಸಿದೆ ಅಷ್ಟೇ ಎಂದರು. ಇಬ್ಬರಿಗೂ ಗೊತ್ತಿತ್ತು, ಆ ಮನುಷ್ಯ ಜನ್ಮದಲ್ಲಿ ಸುಮ್ಮನೆ ಧೂಳು ಒರೆಸಿದವರಲ್ಲ. ಆ ಮಧ್ಯಾಹ್ನ ಸ್ಕೋಕಿಗೆ ಹೊರಟೆ.

ಅಂಕಲ್ ಮೇಜಿನ ಮುಂದೆ ಕೂತಿದ್ದರು. ಎಂದಿನಂತೆ ಫೋನ್ ಕೈಯಲ್ಲಿ. ನಾನು ಅದನ್ನು ಅವರ ಕೈಯಿಂದ ತೆಗೆದು ಕೆಳಗಿಟ್ಟೆ. “ಅಂಕಲ್, ಇವತ್ತು ಒಂದು ಹೇಳಿ. ಯಾವುದಾದ್ರೂ ಸರಿ. ಆಗಲ್ಲ ಅಂದ್ರೆ ಆಗಲ್ಲ ಅಂತಾದ್ರೂ ಹೇಳಿಬಿಡಿ.”

“ಜಾವಾ” ಎಂದರು ಅಂಕಲ್.

ಕೈಮುಗಿದು ಸಹಿ ಹಾಕಿಸಿಕೊಂಡು ಬರಬೇಕೋ ಬೇಡವೋ? ಬುದ್ಧಿಯಿದ್ದವರು ಹಾಗೆ ಮಾಡುತ್ತಿದ್ದರು. ನನ್ನೊಳಗಿನ ಪ್ರೋಗ್ರಾಮರ್ ಮಹಾತಾಯಿಗೆ ಆ ಹೊತ್ತಿನಲ್ಲಿ ವೃತ್ತಿಧರ್ಮ ನೆನಪಾಗಬೇಕೇ!

“ಜಾವಾನಾ? ನಿಮ್ಮ ಅಂಗಡಿಗಾ? ಇಬ್ಬರ ಅಡಿಗೆಗೆ ಮದುವೆಮನೆ ಕೊಪ್ಪರಿಗೆ ಇಟ್ಟ ಹಾಗಾಗುತ್ತೆ ಅಂಕಲ್! ಇಷ್ಟು ದಿನ ವಿಚಾರಿಸಿ ನಿಮಗೆ ಸಿಕ್ಕಿದ್ದು ಇದಾ? ನಿಮ್ಮ ಕೆಲಸಕ್ಕೆ ಪಿಎಚ್‌ಪಿ ಧಾರಾಳ. ಆರು ವಾರ. ಎಷ್ಟು ಸಲ ಹೇಳಿದೀನಿ, ಆರೇ ವಾರ!”

“ಆರು ವಾರ, ಆರು ವಾರ!” ಅಂಕಲ್ ಎದ್ದು ನಿಂತರು. ಅವರು ದನಿ ಏರಿಸಿದ್ದನ್ನು ನಾನು ಎಂದೂ ಕೇಳಿರಲಿಲ್ಲ. “ಮೊದಲನೇ ದಿನದಿಂದ ಅದನ್ನ ಹೇಳಾಕತ್ತಿ. ಎದಿ ಝಲ್ ಅಂತೈತಿ ನನಗ. ಆರು ವಾರದಾಗ ಮುಗಿಸಿ ಕೈಯಾಗ ಕೊಡ್ತಿ, ಖರೆ. ಏಳನೇ ವಾರ ನಿನಗ ನಾ ಏನ್ ಕೆಲಸಾ ಕೊಡ್ಲಿ? ಯಾವ ಬಾಯಿಲೆ ನಿನ್ನ ಮನಿಗಿ ಕಳಸ್ಲಿ?”

ಪಕ್ಕದ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ಅಂಕಲ್ ಮತ್ತೆ ಕೂತು, ಸಹಿಗೆಂದು ವಕೀಲರ ಕಾಗದ ಎಳೆದುಕೊಂಡರು. ದನಿ ತಗ್ಗಿತು. “ಅಂಗಡಿಗಿ ಯಾವುದಿದ್ರೂ ನಡೀತೈತಿ ತಂಗಿ. ಈ ಅಂಗಡೀನ ಇನ್ನೆಷ್ಟು ದಿನಾ ನಡೀತೈತೋ ಗೊತ್ತಿಲ್ಲ, ಗ್ಯಾರೇಜಿನವರು ದೊಡ್ಡ ದೊಡ್ಡವರ ಕಡೆ ಹೊಂಟಾರ. ನಾ ನೋಡಿದ್ದು ನಿನ್ನ ಸಲುವಾಗಿ. ಎಲ್ಲಾ ಕಡೆ ಕೇಳೇನಿ. ಜಾವಾದವರು ಬಿದ್ರೂ ಮತ್ತ ಎದ್ದು ನಿಂತಾರ. ಇಲ್ಲೆ ಕುಂತು ಕಲಿ. ವರ್ಷ ಹಿಡೀಲಿ. ನಿನ್ನ ಗಂಡಂದು ಓದು ಮುಗೀಲಿ. ಗಡಿಬಿಡಿ ಮಾಡಬ್ಯಾಡ.”

ನನಗಾಗಿ ಒಬ್ಬ ಮನುಷ್ಯ ಎರಡು ತಿಂಗಳು ಊರೂರಿಗೆ ಫೋನ್ ಮಾಡಿ, ಗುರುತಿಲ್ಲದವರ ಮನೆಯ ಸುಖದುಃಖ ಕೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಸ್ಪೀಡ್ ಕೇಳಿ ಎನ್ನುತ್ತಿದ್ದೆ. ಮೇಜಿನ ಮೇಲೆ ತಲೆಯಿಟ್ಟು, ಬ್ರೇಕ್ ಪ್ಯಾಡಿನ ಡಬ್ಬಿಗಳ ನಡುವೆ, ಬಿಕ್ಕಿ ಬಿಕ್ಕಿ ಅತ್ತೆ.

ಅಂಕಲ್ ಗಾಬರಿಯಾದರು. ವಕೀಲರ ಕಾಗದದ ಮೇಲೆ ಊರಿದ್ದ ಪೆನ್ನು ಎತ್ತಿಬಿಟ್ಟರು.

“ಯಾಕವಾ, ಭಾಳ ಕಠಿಣ ಐತೇನು ಜಾವಾ? ಮೊದಲ ಹೇಳಬಾರದೇನು? ಹಂಗಾರ ಇನ್ನೊಮ್ಮೆ ವಿಚಾರಸೂಣೇನು?”

“ಬೇಡ ಅಂಕಲ್” ಎಂದೆ, ಅವರ ಪೆನ್ನು ಹಿಡಿದ ಕೈಯನ್ನು ಕಾಗದದ ಮೇಲಕ್ಕೆ ಒತ್ತಿ. “ಇದೇ ಇರಲಿ. ನಾನು ನಿಧಾನವಾಗಿ ಮಾಡ್ತೀನಿ.”